ಲೈಟು ಹತ್ತದಿದ್ದರೆ ಮೊದಲು ಅರ್ಥ್ ನೋಡಿ: ಗೋವಾದ ಕಾರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಾರಿನ ಹಿಂದಿನ ಲೈಟು ಹೋಯಿತು ಅಂದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಬಲ್ಬ್ ತರುವುದು. ಹೊಸ ಬಲ್ಬ್ ತಿರುಗಿಸಿ ಕೂರಿಸುವಾಗ ಹೋಲ್ಡರ್ ಒಳಗಿನ ಕಿಲುಬು ಒಂಚೂರು ಉಜ್ಜಿ ಹೋಗುತ್ತದೆ, ಲೈಟು ಹತ್ತುತ್ತದೆ. ಎಂಟು ದಿನ ಬಿಟ್ಟು ಮತ್ತೆ ಹೋಗುತ್ತದೆ. "ಈಗಿನ ಬಲ್ಬೇ ಸರಿ ಇಲ್ಲ" ಅಂತ ಬೈದು ಇನ್ನೊಂದು ತರುತ್ತಾರೆ. ಬಲ್ಬ್ ಪಾಪ, ಏನೂ ಮಾಡಿರುವುದಿಲ್ಲ.

ವಾಸ್ಕೊ, ಪಣಜಿ, ಮಡಗಾಂವ್ ಕಡೆ ಗಾಡಿ ಇಟ್ಟುಕೊಂಡವರಿಗೆ ಈ ಕಾಟ ಜಾಸ್ತಿ. ವರ್ಷವಿಡೀ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ರಿಬಂದರ್‌ನಲ್ಲಿ ಕಾರನ್ನು ಫೆರಿಗೆ ಹತ್ತಿಸುವಾಗ ಚಕ್ರಕ್ಕೆ ಸಿಡಿಯುವ ಮಾಂಡವಿ ನೀರೂ ಉಪ್ಪುನೀರೇ. ತಾಮ್ರದ ಮೇಲೆ ಹಸಿರು ಕಿಲುಬು, ಬಾಡಿ ಬೋಲ್ಟಿನ ಕೆಳಗೆ ತುಕ್ಕು. ಈ ಎರಡೇ ಇಲ್ಲಿನ ಲೈಟಿನ ತೊಂದರೆಗಳಲ್ಲಿ ದೊಡ್ಡ ಪಾಲು ನುಂಗುತ್ತವೆ. ಅದಕ್ಕೇ ಈ ಬರಹದಲ್ಲಿ ಅರ್ಥಿಂಗ್ (ಅರ್ಥ್, ಅಂದರೆ ಲೈಟಿನಿಂದ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ) ಬಗ್ಗೆ ಜಾಸ್ತಿ ಇದೆ, ಬಲ್ಬ್ ಬಗ್ಗೆ ಕಡಿಮೆ.

ಏನೇನು ಬೇಕು

ಒಂದು ಟೆಸ್ಟ್ ಲ್ಯಾಂಪ್, ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಬ್ಯಾಟರಿಯಿಂದ ಹಿಂದಿನ ಲೈಟಿನವರೆಗೆ ಮುಟ್ಟುವಷ್ಟು ವೈರು, 10 ಎಂಎಂ ಸ್ಪ್ಯಾನರ್, ಉಪ್ಪು ಕಾಗದ, ಕಾಂಟ್ಯಾಕ್ಟ್ ಕ್ಲೀನರ್. ಟೆಸ್ಟ್ ಲ್ಯಾಂಪ್ ಕೊಳ್ಳಲೇಬೇಕು ಅಂತಿಲ್ಲ. 21 ವ್ಯಾಟ್‌ನ ಹಳೆ ಇಂಡಿಕೇಟರ್ ಬಲ್ಬ್, ಅದರ ಹೋಲ್ಡರ್, ಎರಡು ವೈರು, ಎರಡು ಕ್ಲಿಪ್ ಇದ್ದರೆ ಮನೆಯಲ್ಲೇ ಆಗುತ್ತದೆ. ನನ್ನ ಕೇಳಿದರೆ ಅಂಗಡಿಯದಕ್ಕಿಂತ ಇದೇ ಒಳ್ಳೆಯದು. ಕಾರಣ ಇದೆ.

ಮಲ್ಟಿಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿ ಒಂದೇ ಉಳಿದ ವೈರಿಗೆ ಅದನ್ನು ಹಿಡಿದರೂ ರಾಜಾರೋಷವಾಗಿ 12.6 ವೋಲ್ಟ್ ತೋರಿಸುತ್ತದೆ. ಅರ್ಧ ಕಟ್ಟಿಕೊಂಡ ನಲ್ಲಿ ಪೈಪಿನ ಹಾಗೆ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದರೆ ನೀರು ತೊಟ್ಟಿಕ್ಕುತ್ತದೆ. 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಅಷ್ಟು ಎಳೆದಾಗ ವೈರಿನ ಬಣ್ಣ ಬಯಲಾಗುತ್ತದೆ. ಮೀಟರಿನಲ್ಲಿ 12 ವೋಲ್ಟ್ ಬರುತ್ತಿದೆ, ಟೆಸ್ಟ್ ಲ್ಯಾಂಪ್ ಮಂಕಾಗಿ ಉರಿಯುತ್ತದೆ ಅಂದರೆ ಕಳ್ಳ ಸಿಕ್ಕಿಬಿದ್ದ ಹಾಗೇ.

ಇಲ್ಲೊಂದು ಎಚ್ಚರ. ಏರ್‌ಬ್ಯಾಗ್‌ನ ಹಳದಿ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಾಸ್ಟಿಕ್ ಪ್ಲಗ್) ಮತ್ತು ವೈರುಗಳ ಹತ್ತಿರ ಟೆಸ್ಟ್ ಲ್ಯಾಂಪ್ ಸುಳಿಯಲೂಬಾರದು. ಸ್ಟೀರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ (ಲೈಟು, ಇಂಡಿಕೇಟರ್ ಹಾಕುವ ಕಡ್ಡಿ) ಬಿಚ್ಚುವುದಾದರೆ ಬ್ಯಾಟರಿಯ ಮೈನಸ್ ತೆಗೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಿ. ಎಚ್‌ಐಡಿ ಹೆಡ್‌ಲೈಟ್ ಇದ್ದರೆ ಅದರ ಬಲ್ಲಾಸ್ಟ್ (ಬಲ್ಬ್‌ಗೆ ಹೈ ವೋಲ್ಟೇಜ್ ಕೊಡುವ ಡಬ್ಬಿ) ಮುಟ್ಟಬೇಡಿ. ಹತ್ತುವ ಕ್ಷಣದಲ್ಲಿ ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಮೊದಲು ಒಂದು ಸುತ್ತು

ಸ್ಪ್ಯಾನರ್ ಹಿಡಿಯುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬನ್ನಿ. ಕತ್ತಲಾದ ಮೇಲೆ ಕಾಂಪೌಂಡ್ ಗೋಡೆಗೆ ಎದುರು ನಿಲ್ಲಿಸಿ, ಪಾರ್ಕಿಂಗ್, ಡಿಪ್, ಅಪ್ಪರ್, ಎಡ ಬಲ ಇಂಡಿಕೇಟರ್, ಬ್ರೇಕ್, ರಿವರ್ಸ್, ನಂಬರ್ ಪ್ಲೇಟ್ ಒಂದೊಂದಾಗಿ ಹಾಕಿ ನೋಡಿ. ಒಬ್ಬರೇ ಇದ್ದರೆ ಫೋನನ್ನು ಹಿಂದೆ ನಿಲ್ಲಿಸಿ ವಿಡಿಯೋ ಹಾಕಿಡಿ. ಒಂದೊಂದೇ ಹಾಕಿದಾಗ ಸರಿಯಿದ್ದು ಎರಡು ಒಟ್ಟಿಗೆ ಹಾಕಿದಾಗ ಕೆಡುವ ತೊಂದರೆ ಇರುತ್ತದೆ. ಅದಕ್ಕೇ ಪಾರ್ಕಿಂಗ್ ಹಾಕಿಕೊಂಡೇ ಬ್ರೇಕ್ ಒತ್ತಿ, ಬ್ರೇಕ್ ಒತ್ತಿಕೊಂಡೇ ಇಂಡಿಕೇಟರ್ ಹಾಕಿ ನೋಡಿ.

ಎಷ್ಟು ಲೈಟು ಹೋಗಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಒಂದೇ ಒಂದು ಹೋಗಿದ್ದರೆ ಬಲ್ಬ್, ಹೋಲ್ಡರ್ ಅಥವಾ ಅಲ್ಲಿನ ಅರ್ಥ್. ಒಂದು ಮೂಲೆಯ ಎಲ್ಲ ಲೈಟುಗಳೂ ಹುಚ್ಚುಹುಚ್ಚಾಗಿ ಆಡುತ್ತಿದ್ದರೆ ಆ ಮೂಲೆಯ ಅರ್ಥ್. ಎಡ ಬಲ ಎರಡೂ ಒಟ್ಟಿಗೆ ಹೋಗಿದ್ದರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ ಡಬ್ಬಿ), ಸ್ವಿಚ್. ಹೆಡ್‌ಲೈಟ್‌ಗೆ ಮಾತ್ರ ಈ ಲೆಕ್ಕ ಕೈ ಕೊಡಬಹುದು. ಒಂದು ಬದಿಯ ಡಿಪ್ ಹೋಗಿ ತಿಂಗಳಾಗಿದ್ದರೂ ಎಷ್ಟೋ ಜನಕ್ಕೆ ಗೊತ್ತೇ ಆಗಿರುವುದಿಲ್ಲ. ಎರಡನೆಯದೂ ಹೋದ ದಿನ "ಎರಡೂ ಒಟ್ಟಿಗೆ ಹೋಯ್ತು" ಅನ್ನುತ್ತಾರೆ.

ಅರ್ಥ್ ಕೆಟ್ಟಾಗ ಏನಾಗುತ್ತದೆ

ಗದಗ ಕಡೆಯ ಕಾಕಾ ಒಬ್ಬರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ, ವಾಸ್ಕೊದಲ್ಲಿ ಟ್ಯಾಕ್ಸಿ ಇಟ್ಟಿದ್ದಾರೆ. ಅವರ ಕಾರಿನ ಕಥೆ ಹೀಗಿತ್ತು: "ತಮ್ಮಾ, ಎರಡ್ ಸರ್ತಿ ಬಲ್ಬ್ ಹೊಸಾದ್ ಹಾಕ್ಸೇನಿ, ಬ್ರೇಕ್ ಲೈಟ್ ಹತ್ತವಲ್ದು. ಬ್ರೇಕ್ ಒತ್ತಿದ್ರ ಡ್ಯಾಶ್‌ಬೋರ್ಡ್ ಹತ್ತತೈತಿ ನೋಡು!" ಅದು ತಮಾಷೆ ಅನ್ನಿಸಿದರೂ ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇರೆ ಸಿಗುವುದಿಲ್ಲ.

ಹಿಂದಿನ 21/5 ವ್ಯಾಟ್ ಬಲ್ಬ್‌ನಲ್ಲಿ ಎರಡು ತಂತಿ (ಒಳಗೆ ಉರಿಯುವ ಫಿಲಮೆಂಟ್). 21ರದ್ದು ಬ್ರೇಕ್‌ಗೆ, 5ರದ್ದು ಪಾರ್ಕಿಂಗ್‌ಗೆ. ಎರಡಕ್ಕೂ ಅರ್ಥ್ ಒಂದೇ. ಆ ಅರ್ಥ್ ಕಡಿದುಹೋದರೆ ಬ್ರೇಕ್‌ನ ಕರೆಂಟ್ ಸುಮ್ನೆ ಕೂರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಅದೇ ಬಲ್ಬ್‌ನ ಪಾರ್ಕಿಂಗ್ ತಂತಿಯಲ್ಲಿ ಹಿಂದಕ್ಕೆ ಹರಿದು, ಪಾರ್ಕಿಂಗ್ ವೈರಿನಲ್ಲಿ ಮುಂದೆ ಹೋಗಿ, ಮುಂದಿನ ಪಾರ್ಕಿಂಗ್ ಬಲ್ಬ್, ನಂಬರ್ ಪ್ಲೇಟ್ ಬಲ್ಬ್, ಡ್ಯಾಶ್‌ಬೋರ್ಡ್ ಮೀಟರಿನ ದೀಪ, ಎಲ್ಲಿ ಒಳ್ಳೆಯ ಅರ್ಥ್ ಸಿಕ್ಕರೆ ಅಲ್ಲಿ ಇಳಿಯುತ್ತದೆ. ಹೋಗುವ ದಾರಿಯಲ್ಲಿ ಎಲ್ಲವೂ ಮಂಕಾಗಿ ಹತ್ತುತ್ತವೆ. ಪಾರ್ಕಿಂಗ್ ಮೊದಲೇ ಆನ್ ಇದ್ದಾಗ ಬ್ರೇಕ್ ಒತ್ತಿದರೆ ಉಲ್ಟಾ. ಎರಡೂ ಕಡೆ 12 ವೋಲ್ಟ್ ಆಗಿ ಕರೆಂಟಿಗೆ ದಾರಿಯೇ ಇಲ್ಲದೆ ಆ ಮೂಲೆ ಇನ್ನೂ ಮಂಕಾಗುತ್ತದೆ, ಇಲ್ಲವೇ ಆರಿಯೇ ಹೋಗುತ್ತದೆ. ಇಂಡಿಕೇಟರ್ ಹಾಕಿದರೆ ಪಕ್ಕದ ಪಾರ್ಕಿಂಗ್ ಲೈಟೂ ಅದರ ಜೊತೆ ಮಿಣಮಿಣ ಅನ್ನುವುದೂ ಇದೇ ಕಾಯಿಲೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಉದ್ದನೆಯ ವೈರು ತೆಗೆದುಕೊಳ್ಳಿ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿಯನ್ನು ಆ ಲೈಟಿನ ಅರ್ಥ್ ಪಿನ್‌ಗೆ ಮುಟ್ಟಿಸಿ. ಅರ್ಥ್ ವೈರು ಹೆಚ್ಚಾಗಿ ಕಪ್ಪು, ಜರ್ಮನ್ ಗಾಡಿಗಳಲ್ಲಿ ಕಂದು. ಮುಟ್ಟಿಸಿದ ಕೂಡಲೇ ಲೈಟು ಸರಿಯಾಗಿ ಹತ್ತಿತಾ? ಬಲ್ಬ್ ಅಂಗಡಿಗೆ ಹೋಗುವುದು ಬೇಡ.

ಮೀಟರಿನಲ್ಲಿ ಅಳೆಯುವುದಾದರೆ ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ, ಕೆಂಪು ಪ್ರೋಬ್ ಲೈಟಿನ ಅರ್ಥ್ ಪಿನ್‌ಗೆ. ಲೈಟು ಆನ್ ಇರಲೇಬೇಕು, ಕಪ್ಲರ್ ಸಿಕ್ಕಿಸಿಯೇ ಇರಬೇಕು. ಆಫ್ ಇದ್ದಾಗ ಅಳೆದರೆ ಸೊನ್ನೆ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. 0.1 ವೋಲ್ಟ್ ಒಳಗಿದ್ದರೆ ಅರ್ಥ್ ಗಟ್ಟಿ. 0.3 ದಾಟಿದರೆ ಬಿಚ್ಚಿ ನೋಡುವುದೇ ವಾಸಿ. 1 ವೋಲ್ಟ್, 2 ವೋಲ್ಟ್ ಬಂತು ಅಂದರೆ ಇನ್ನೇನೂ ಹುಡುಕಬೇಡಿ.

ಕಾಕಾರ ಗಾಡಿಯಲ್ಲಿ ಅರ್ಥ್ ಬೋಲ್ಟ್ ಡಿಕ್ಕಿಯ ಎಡಗಡೆ ಕಾರ್ಪೆಟ್ ಕೆಳಗಿತ್ತು. ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು, ಬಿಗಿಯಾಗಿಯೂ ಇತ್ತು. ಬಿಚ್ಚಿದ ಮೇಲೆ ವೈರಿನ ತುದಿಯ ರಿಂಗ್ ಟರ್ಮಿನಲ್‌ನ ಅಡಿಭಾಗ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು, ಕ್ರಿಂಪ್ (ಟರ್ಮಿನಲ್ ವೈರನ್ನು ಅದುಮಿ ಹಿಡಿದ ಜಾಗ) ಹತ್ತಿರ ತಾಮ್ರದ ಎಳೆಗಳು ಹಸಿರು ಹಿಟ್ಟಾಗಿ ಬೆರಳಿಗೆ ಅಂಟಿದವು. ಟೈಲ್‌ಲೈಟ್ ಗ್ಯಾಸ್ಕೆಟ್‌ನಿಂದ ಮಳೆನೀರು ಇಳಿದು ಸರಿಯಾಗಿ ಅಲ್ಲೇ ನಿಲ್ಲುತ್ತಿತ್ತು. ಬೋಲ್ಟ್ ಬಿಗಿಯಾಗಿದೆ ಅಂತ ಅರ್ಥ್ ಸರಿಯಿದೆ ಅಂದುಕೊಳ್ಳಬಾರದು.

ರಿಪೇರಿ ಹೀಗೆ. ಬೋಲ್ಟ್ ತೆಗೆದು ಬಾಡಿಯನ್ನು ಉಪ್ಪು ಕಾಗದದಿಂದ ತಿಕ್ಕಿ, ಲೋಹ ಬೆಳ್ಳಗೆ ಹೊಳೆಯುವವರೆಗೆ. ಟರ್ಮಿನಲ್ ಕೆಟ್ಟಿದ್ದರೆ ಹೊಸದು ಕ್ರಿಂಪ್ ಮಾಡಿ. ವೈರು ಕತ್ತರಿಸುವಾಗ ಒಳಗೆ ತಾಮ್ರ ಕಪ್ಪಾಗಿದ್ದರೆ ಇನ್ನೂ ಹಿಂದಕ್ಕೆ ಕತ್ತರಿಸಿ. ಕಿಲುಬು ಪ್ಲಾಸ್ಟಿಕ್ಕಿನ ಒಳಗೇ ತೆವಳಿಕೊಂಡು ಹೋಗಿರುತ್ತದೆ, ಹೊಳೆಯುವ ತಾಮ್ರ ಸಿಗುವವರೆಗೆ ಬಿಡಬಾರದು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲೀನ್ ಬಳಿಯಿರಿ. ಕೊನೆಗೆ ಗ್ಯಾಸ್ಕೆಟ್. ನೀರು ಬರುವ ದಾರಿ ಮುಚ್ಚದಿದ್ದರೆ ಮುಂದಿನ ಜುಲೈಗೆ ಇದೇ ಕೆಲಸ.

ಅಂದಹಾಗೆ, ಮಳೆಗಾಲದಲ್ಲಿ ಹೆಡ್‌ಲೈಟ್ ಗಾಜಿನ ಒಳಗೆ ತೆಳ್ಳಗೆ ಮಂಜು ಕಟ್ಟಿ, ಲೈಟು ಹಾಕಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಹೋದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಲೈಟಿಗೆ ಗಾಳಿಯಾಡುವ ತೂತು ಇಟ್ಟೇ ಮಾಡಿರುತ್ತಾರೆ. ತಳದಲ್ಲಿ ನೀರು ನಿಂತು ಕುಲುಕಾಡುತ್ತಿದ್ದರೆ ಮಾತು ಬೇರೆ.

ಹೆಡ್‌ಲೈಟ್ ಮಂಕಾಗಿದ್ದರೆ

ಊರೊಳಗೆ ಇದು ಗೊತ್ತಾಗುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಗೆ ರಾತ್ರಿ ಹೊರಟು ಮೊಲೆಂ ದಾಟಿ ಅನಮೋಡ ಘಾಟ್ ಹತ್ತುವಾಗ ಗೊತ್ತಾಗುತ್ತದೆ. ಕಾಡು, ತಿರುವು, ಎದುರಿಂದ ಲಾರಿ, ನಮ್ಮ ಲೈಟು ಮಾತ್ರ ಹಳದಿಗೆ.

ಹ್ಯಾಲೋಜನ್ ಬಲ್ಬ್‌ಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಬಲ್ಬ್‌ಗೆ 13.5 ಸಿಗಬೇಕಾದ ಕಡೆ 11 ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧ. ಇದಕ್ಕೆ ಅನೇಕರು ಮಾಡುವುದು 60/55 ವ್ಯಾಟ್ ತೆಗೆದು 100/90 ಹಾಕುವುದು. ಒಂದು ಬಲ್ಬ್ 5 ಆಂಪಿಯರ್ ಎಳೆಯುತ್ತಿದ್ದ ಕಡೆ 8ಕ್ಕಿಂತ ಜಾಸ್ತಿ ಎಳೆಯುತ್ತದೆ. ಮೊದಲೇ ಸೋತ ವೈರು ಇನ್ನೂ ಬಿಸಿಯಾಗುತ್ತದೆ, ಹೋಲ್ಡರ್ ಕರಗುತ್ತದೆ, ರಿಲೇ ಇಲ್ಲದ ಹಳೆ ಗಾಡಿಗಳಲ್ಲಿ ಕಾಂಬಿನೇಷನ್ ಸ್ವಿಚ್ ಸುಡುತ್ತದೆ. ಮಂಕು ಮಾತ್ರ ಪೂರ್ತಿ ಹೋಗುವುದಿಲ್ಲ.

ಸರಿಯಾದ ದಾರಿ ಅಳೆಯುವುದು. ಲೈಟು ಆನ್ ಇಟ್ಟು ಬ್ಯಾಟರಿ ಪ್ಲಸ್‌ನಿಂದ ಬಲ್ಬ್‌ನ ಪ್ಲಸ್ ಪಿನ್‌ವರೆಗೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ನೋಡಿ. ಅರ್ಧ ವೋಲ್ಟ್‌ವರೆಗೆ ನಡೆಯುತ್ತದೆ. ಜಾಸ್ತಿ ಇದ್ದರೆ ನಡುವೆ ಒಂದೊಂದೇ ಕಡೆ ಹಿಡಿಯುತ್ತಾ ಬನ್ನಿ: ಫ್ಯೂಸಿನ ಎರಡು ಕಾಲಿನ ಮಧ್ಯೆ, ರಿಲೇಯ 30 ಮತ್ತು 87 ನಂಬರಿನ ಪಿನ್‌ಗಳ ಮಧ್ಯೆ, ಕಪ್ಲರ್‌ನ ಈಚೆ ಆಚೆ. ಎಲ್ಲಿ ವೋಲ್ಟ್ ಕಾಣಿಸಿತೋ ಅಲ್ಲೇ ಕಳ್ಳ. ರಿಲೇ "ಟಿಕ್" ಅಂತು, ಹಾಗಾಗಿ ಸರಿಯಿದೆ ಅನ್ನಬೇಡಿ. ಟಿಕ್ ಅಂದರೆ 85, 86ರ ಕಾಯಿಲ್ ಸರಿಯಿದೆ, ಅಷ್ಟೇ. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕರಿ ಹಿಡಿದಿರಬಹುದು. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದು ಎಲ್ಲಕ್ಕಿಂತ ಬೇಗ ಆಗುವ ಪರೀಕ್ಷೆ.

ಮೂರು ಪಿನ್ನಿನ ಎಚ್4 ಬಲ್ಬ್‌ನಲ್ಲಿ ಒಂದು ಬಲೆ ಇದೆ. ಡಿಪ್, ಅಪ್ಪರ್ ಎರಡಕ್ಕೂ ಸೇರಿದ ಕಾಮನ್ ಪಿನ್ ಅಂದರೆ ಅರ್ಥ್ ಅಂತಲೇ ಎಲ್ಲರ ನಂಬಿಕೆ. ಜಪಾನೀ ಡಿಸೈನಿನ ಕೆಲವು ಗಾಡಿಗಳಲ್ಲಿ ಕಾಮನ್‌ಗೆ ಪ್ಲಸ್ ಕೊಟ್ಟು, ಡಿಪ್ ಮತ್ತು ಅಪ್ಪರ್‌ನ ಅರ್ಥನ್ನು ಸ್ವಿಚ್ ಕೂಡಿಸುತ್ತದೆ. ಅಂಥ ಗಾಡಿಯಲ್ಲಿ ಟೆಸ್ಟ್ ಲ್ಯಾಂಪ್‌ನ ಕ್ಲಿಪ್ಪನ್ನು ಕಾರಿನ ಬಾಡಿಗೆ ಹಾಕಿ ಕಪ್ಲರ್ ನೋಡಿದರೆ ಡಿಪ್, ಅಪ್ಪರ್ ಎರಡರಲ್ಲೂ ಕರೆಂಟ್ ಇಲ್ಲ ಅನ್ನಿಸುತ್ತದೆ, ಸುಮ್ನೆ ವೈರಿಂಗ್ ಬಿಚ್ಚಿಸುತ್ತಾರೆ. ಕಪ್ಲರ್ ಕಳಚಿ, ಲೈಟು ಆನ್ ಇಟ್ಟು, ಟೆಸ್ಟ್ ಲ್ಯಾಂಪನ್ನು ಕಾಮನ್ ಮತ್ತು ಡಿಪ್ ಪಿನ್‌ಗಳ ಮಧ್ಯೆಯೇ ಹಿಡಿಯಿರಿ. ಆಮೇಲೆ ಕಾಮನ್ ಮತ್ತು ಅಪ್ಪರ್. ವೈರಿಂಗ್ ಹೇಗೇ ಇದ್ದರೂ ಈ ಪರೀಕ್ಷೆ ಸುಳ್ಳು ಹೇಳುವುದಿಲ್ಲ.

ಹ್ಯಾಲೋಜನ್ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮುಟ್ಟಿದರೆ ಸ್ಪಿರಿಟ್ ಹಾಕಿ ಒರೆಸಿ ಹಾಕಿ.

ಬ್ರೇಕ್ ಲೈಟು

ಇದರಲ್ಲಿ ಮೇಲಿನ ಮೂರನೇ ಲೈಟು ನಮ್ಮ ಸಾಕ್ಷಿ. ಅದು ಹತ್ತಿ ಕೆಳಗಿನ ಎರಡು ಹತ್ತುತ್ತಿಲ್ಲ ಅಂದರೆ ಫ್ಯೂಸೂ ಸರಿ, ಪೆಡಲ್ ಸ್ವಿಚ್ಚೂ ಸರಿ. ಬಲ್ಬ್, ಹೋಲ್ಡರ್, ಅರ್ಥ್ ನೋಡಿ. ಮೂರೂ ಹತ್ತದಿದ್ದರೆ ಫ್ಯೂಸ್ ನೋಡಿ, ಆಮೇಲೆ ಪೆಡಲ್ ಮೇಲಿನ ಸ್ವಿಚ್. ಪುಶ್ ಬಟನ್ ಗಾಡಿ ಬ್ರೇಕ್ ಒತ್ತಿದರೂ ಸ್ಟಾರ್ಟ್ ಆಗುತ್ತಿಲ್ಲ, ಆಟೋಮ್ಯಾಟಿಕ್ ಗೇರ್ ಪಿ ಬಿಟ್ಟು ಬರುತ್ತಿಲ್ಲ, ಜೊತೆಗೆ ಬ್ರೇಕ್ ಲೈಟೂ ಇಲ್ಲ ಅಂದರೆ ಮೊದಲ ಅನುಮಾನ ಆ ಸ್ವಿಚ್ಚಿನ ಮೇಲೆಯೇ.

ಲೈಟು ಆರುತ್ತಲೇ ಇಲ್ಲ ಅನ್ನುವ ದೂರೂ ಉಂಟು. ಪೆಡಲ್ ಮೇಲಕ್ಕೆ ಬಂದಾಗ ಸ್ವಿಚ್ಚಿನ ಗುಂಡಿಯನ್ನು ಒತ್ತಿ ಹಿಡಿಯಲು ಒಂದು ಚಿಕ್ಕ ಪ್ಲಾಸ್ಟಿಕ್ ಅಥವಾ ರಬ್ಬರ್ ಬಿಲ್ಲೆ ಇರುತ್ತದೆ. ವಯಸ್ಸಾದ ಮೇಲೆ ಪುಡಿಯಾಗಿ ಬೀಳುತ್ತದೆ. ಡ್ರೈವರ್ ಮ್ಯಾಟ್ ಮೇಲೆ ಬಣ್ಣದ ಪ್ಲಾಸ್ಟಿಕ್ ಚೂರು ಸಿಕ್ಕರೆ ಕಸ ಅಂತ ಎಸೆಯಬೇಡಿ, ಅದೇ ಇರಬಹುದು. ರಾತ್ರಿಯಿಡೀ ಎರಡು 21 ವ್ಯಾಟ್ ಉರಿದರೆ 3.5 ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿ ಬೆಳಿಗ್ಗೆ ಎದ್ದೇಳುವುದಿಲ್ಲ.

ಇಂಡಿಕೇಟರ್

ಒಂದು ಬದಿ ಮಾತ್ರ ಬೇಗ ಬೇಗ ಹೊಡೆದುಕೊಳ್ಳುತ್ತಿದ್ದರೆ ಆ ಬದಿಯಲ್ಲಿ ಒಂದು ಬಲ್ಬ್ ಹೋಗಿದೆ, ಇಲ್ಲವೇ ಎಲ್‌ಇಡಿ ಹಾಕಿಸಿದ್ದೀರಿ. ಸಾಮಾನ್ಯ ವೇಗ ನಿಮಿಷಕ್ಕೆ 60ರಿಂದ 120. ಹಜಾರ್ಡ್ ಹಾಕಿದಾಗ ನಾಲ್ಕೂ ಹತ್ತಿ, ಎಡ ಬಲ ಹಾಕಿದಾಗ ಏನೂ ಇಲ್ಲ ಅಂದರೆ ಬಲ್ಬ್, ಅರ್ಥ್ ಎಲ್ಲ ಸರಿ. ಇಂಡಿಕೇಟರ್‌ನ ಫ್ಯೂಸ್ ಅಥವಾ ಕಾಂಬಿನೇಷನ್ ಸ್ವಿಚ್ ನೋಡಿ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ

10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ನೀಲಿ ಹೋಯಿತು ಅಂತ ಹಳದಿ ಹಾಕುವುದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವುದು ಎರಡೂ ವೈರಿಗೆ ಬೆಂಕಿ ಇಡುವ ಕೆಲಸ. ಫ್ಯೂಸ್ ಮೇಲೆ ಫ್ಯೂಸ್ ಸುಡುವುದೂ ಬೇಡ.

ಸುಟ್ಟ ಫ್ಯೂಸ್ ತೆಗೆದು, ಅದರ ಎರಡು ಕಾಲಿನ ಜಾಗಕ್ಕೆ 21 ವ್ಯಾಟ್ ಟೆಸ್ಟ್ ಲ್ಯಾಂಪ್ ಸೇರಿಸಿ. ಆ ಲೈನಿನ ಬಲ್ಬ್‌ಗಳನ್ನೆಲ್ಲ ತೆಗೆದಿಟ್ಟು ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಟೆಸ್ಟ್ ಲ್ಯಾಂಪ್ ಪೂರ್ತಿ ಉರಿಯುತ್ತದೆ, ಆದರೆ ವೈರಿಗೆ ಏನೂ ಆಗುವುದಿಲ್ಲ. ಈಗ ಕಪ್ಲರ್‌ಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ, ವೈರಿಂಗ್ ಅಲುಗಾಡಿಸಿ. ಯಾವುದನ್ನು ಕಳಚಿದಾಗ ಲ್ಯಾಂಪ್ ಆರಿತೋ ಶಾರ್ಟ್ ಅದರ ಆಚೆಗೆ. ತಣ್ಣಗಿರುವ ಬಲ್ಬ್‌ಗೆ ಮೀಟರ್ ಓಮ್ಸ್ ಹಿಡಿದು "ಒಂದು ಓಮೂ ಇಲ್ಲ, ಶಾರ್ಟ್" ಅನ್ನಬೇಡಿ. ತಂತಿ ಬಿಸಿಯಾದ ಮೇಲೆ ಅದರ ರೆಸಿಸ್ಟೆನ್ಸ್ ಹಲವು ಪಟ್ಟು ಏರುತ್ತದೆ.

ಪಾರ್ಕಿಂಗ್ ಫ್ಯೂಸ್ ಹೋಗುತ್ತಿದ್ದರೆ ನಾನು ಮೊದಲು ಕೇಳುವುದು, ಇತ್ತೀಚೆಗೆ ಸ್ಟೀರಿಯೋ ಹಾಕಿಸಿದ್ದೀರಾ ಅಂತ. ಸ್ಟೀರಿಯೋ ದೀಪದ ವೈರನ್ನು ಪಾರ್ಕಿಂಗ್‌ಗೆ ಸೇರಿಸಿರುತ್ತಾರೆ, ಟೇಪ್ ಬಿಚ್ಚಿ ಬಾಡಿಗೆ ತಾಗುತ್ತದೆ. ಎರಡನೆಯದು ನಂಬರ್ ಪ್ಲೇಟ್ ಲೈಟು. ಮೂರನೆಯದು ಹ್ಯಾಚ್‌ಬ್ಯಾಕ್‌ನ ಹಿಂದಿನ ಬಾಗಿಲಿನ ರಬ್ಬರ್ ಕೊಳವೆ. ಬಾಗಿಲು ತೆಗೆದು ಮುಚ್ಚಿ ಅದರೊಳಗಿನ ವೈರು ಮುರಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗೆ ತಾಮ್ರ ತುಂಡಾಗಿರುವುದೂ ಉಂಟು. ರಬ್ಬರ್ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ತುಂಡಾದದ್ದು ಎಲಾಸ್ಟಿಕ್ ಹಾಗೆ ಹಿಗ್ಗುತ್ತದೆ. ಜೋಡಿಸುವಾಗ ಜಾಯಿಂಟ್ ಕೊಳವೆಯೊಳಗೆ ಬೇಡ, ಬಾಗದ ಜಾಗಕ್ಕೆ ತಂದು ಬೆಸುಗೆ ಹಾಕಿ, ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ.

ಹೊಸ ಗಾಡಿಗಳು

ಈಗಿನ ಕಾರುಗಳಲ್ಲಿ ಲೈಟನ್ನು ನೇರವಾಗಿ ಸ್ವಿಚ್ ಹತ್ತಿಸುವುದಿಲ್ಲ. ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಬಿಸಿಎಂ, ಹತ್ತಿಸುತ್ತದೆ. ಕೆಲವು ಗಾಡಿಗಳಲ್ಲಿ 21 ವ್ಯಾಟ್‌ನ ಒಂದೇ ತಂತಿಯನ್ನು ಪಾರ್ಕಿಂಗ್‌ಗೆ ಮಂಕಾಗಿ, ಬ್ರೇಕ್‌ಗೆ ಪೂರ್ತಿಯಾಗಿ ಉರಿಸುತ್ತಾರೆ. ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಬೆಳಕು ಇಳಿಸುವುದರಿಂದ ಅಲ್ಲಿ ಮೀಟರ್ 5, 6 ವೋಲ್ಟ್ ತೋರಿಸಿದರೆ ಅದು ದೋಷ ಅಲ್ಲ. ಎಲ್‌ಇಡಿ ಹಾಕಿಸಿದ ಮೇಲೆ ಲೈಟು ಆಫ್ ಇದ್ದಾಗಲೂ ಮಿಣುಕುತ್ತಿದ್ದರೆ, ಬಲ್ಬ್ ಇದೆಯಾ ಅಂತ ಬಿಸಿಎಂ ಆಗಾಗ ಕಳಿಸಿ ನೋಡುವ ಚೂರು ಕರೆಂಟೇ ಸಾಮಾನ್ಯವಾಗಿ ಕಾರಣ. ಶಾರ್ಟ್ ಆದಾಗ ಬಿಸಿಎಂ ಆ ಲೈನನ್ನೇ ಮುಚ್ಚಿಬಿಡಬಹುದು. ರಿಪೇರಿ ಆದ ಮೇಲೂ ಹತ್ತದಿದ್ದರೆ ಇಗ್ನಿಷನ್ ಆಫ್ ಮಾಡಿ ಮತ್ತೆ ಹಾಕಿ, ಆಗಲೂ ಇಲ್ಲವೆಂದರೆ ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಬೇಕು. ಈ ಗಾಡಿಗಳಲ್ಲಿ 21 ವ್ಯಾಟ್ ಟೆಸ್ಟ್ ಲ್ಯಾಂಪನ್ನು ಕಂಡಕಂಡ ವೈರಿಗೆ ಚುಚ್ಚಬೇಡಿ, ಮೀಟರ್ ಸಾಕು. ಅರ್ಥ್ ಅಳೆಯುವ ಪರೀಕ್ಷೆ ಮಾತ್ರ ಇಲ್ಲೂ ಹಾಗೇ ನಡೆಯುತ್ತದೆ.

ಇಷ್ಟಾದರೂ ಸಿಗದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಆದರೆ "ಲೈಟ್ ಪ್ರಾಬ್ಲಂ" ಅಂತ ಹೇಳಿ ಕೀ ಕೊಟ್ಟು ಬರಬೇಡಿ. ಯಾವ ಲೈಟು, ಯಾವುದರ ಜೊತೆ ಹಾಕಿದಾಗ ಕೆಡುತ್ತದೆ, ಅರ್ಥ್ ಕಡೆ ಎಷ್ಟು ವೋಲ್ಟ್ ಬಂತು, ಪ್ಲಸ್ ಕಡೆ ಎಷ್ಟು ಕಳೆಯಿತು, ಮಳೆ ಬಂದಾಗ ಜಾಸ್ತಿಯಾ ಅಂತ ಚೀಟಿಯಲ್ಲಿ ಬರೆದು ಕೊಡಿ. ಅಷ್ಟು ಕೊಟ್ಟರೆ ಅವರು ಅರ್ಧ ವೈರಿಂಗ್ ಬಿಚ್ಚಿ ಹುಡುಕುವ ಕೂಲಿ ನಿಮ್ಮ ಬಿಲ್ಲಿಗೆ ಬರುವುದಿಲ್ಲ.